ಸಾಹೇಬರನ್ನು ಬಿಡದ ಕುರ್ಚಿ

"ವಿಮಾನ ಯಾರು ಬೇಕಾದ್ರೂ ಹತ್ತುತ್ತಾರೆ ಕಣೇ. ಟಿಕೆಟ್ ಇದ್ರೆ ಸಾಕು. ಟಿಕೆಟ್ ಇಲ್ದೆ ಸೂಟ್‌ಕೇಸೂ ಹತ್ತುತ್ತೆ! ಆದ್ರೆ ಬಿಸಿನೆಸ್ ಲೌಂಜಿನಲ್ಲಿ ಕೂರೋದಕ್ಕೆ ಒಂದು ಗತ್ತು ಬೇಕು. ಹೇಗೆ ಕೂರಬೇಕು ಅಂತ ಇವತ್ತು ನಾನು ತೋರಿಸ್ತೀನಿ, ನೋಡ್ತಾ ಇರು."

ಹೊರಡುವ ದಿನ ಬೆಳಿಗ್ಗೆ ನಲ್ಲಿ ಸಾಹೇಬರು ಕನ್ನಡಿಯ ಮುಂದೆ ನಿಂತು ಹೀಗೆಂದು ಘೋಷಿಸಿದರು. ಘೋಷಣೆಯ ಹೊತ್ತಿಗೆ ಕೋಟು ಮೈಮೇಲಿತ್ತು, ಟೈ ಕೊರಳಲ್ಲಿತ್ತು. ಪ್ಯಾಂಟು ಮಾತ್ರ ಇನ್ನೂ ಇಸ್ತ್ರಿ ಮೇಜಿನ ಮೇಲಿತ್ತು.

ಅವರ ಹೆಂಡತಿ ಟೀಚರಮ್ಮ ಆ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತ, "ಮೊದಲು ಇದನ್ನ ಹಾಕ್ಕೊಳ್ಳಿ. ಗತ್ತು ಆಮೇಲೆ ತಾನಾಗೇ ಬರುತ್ತೆ" ಎಂದರು.

ಸಾಹೇಬರು ನಲ್ಲಿ ತಯಾರಿಸುವ ಕಂಪನಿಯೊಂದರ ಮಾರಾಟ ವ್ಯವಸ್ಥಾಪಕರು. ಬಚ್ಚಲಿಗೆ, ಅಡುಗೆಮನೆಗೆ, ಆಸ್ಪತ್ರೆಗೆ, ಹೋಟೆಲಿಗೆ ಬಗೆಬಗೆಯ ನಲ್ಲಿಗಳನ್ನು ಮಾರಿ ಮಾರಿ ನಲ್ಲಿ ಸಾಹೇಬರೆಂದೇ ಪ್ರಸಿದ್ಧರಾಗಿದ್ದರು. ಅದರಿಂದ ಅವರಿಗೆ ಬೇಜಾರಿರಲಿಲ್ಲ, ಹೆಮ್ಮೆಯಿತ್ತು. "ನಮ್ಮ ಭಾಷೇಲಿ ಎಲ್ಲಿಗೇ ಹೋದ್ರೂ ಕೊನೇಲಿ ನಮ್ಮ ಮಾಲು ಇದ್ದೇ ಇರುತ್ತೆ ನೋಡಿ. ಊರಿನಲ್ಲಿ, ಕಾಡಿನಲ್ಲಿ, ಬಚ್ಚಲಿನಲ್ಲಿ!" ಎಂದು ಗಿರಾಕಿಗಳಿಗೆ ಹೇಳಿ ತಾವೇ ಮೊದಲು ನಗುತ್ತಿದ್ದರು. ಗಿರಾಕಿ ನಗದಿದ್ದರೆ ಇನ್ನೊಂದು ಸಲ ಹೇಳುತ್ತಿದ್ದರು. ಎರಡನೇ ಸಲ ಹೇಳುವುದನ್ನು ತಪ್ಪಿಸಲೆಂದೇ ಎಷ್ಟೋ ಜನ ನಲ್ಲಿ ಕೊಂಡಿದ್ದರು.

ಟೀಚರಮ್ಮ ಶಾಲೆಯಲ್ಲಿ ವ್ಯಾಯಾಮ ಹೇಳಿಕೊಡುವವರು. ಕಂಚಿನ ಕಂಠ. ಮೈದಾನದ ಈ ತುದಿಯಲ್ಲಿ ನಿಂತು "ನಿಲ್ಲು!" ಎಂದರೆ ಆ ತುದಿಯ ಮಕ್ಕಳಷ್ಟೇ ಅಲ್ಲ, ಕಾಂಪೌಂಡಿನಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲುಗಳೂ ನಿಲ್ಲುತ್ತಿದ್ದವು.

ಈಗ ಕಂಪನಿಯ ಹೊಸ ನಲ್ಲಿಯನ್ನು, ಅಂದರೆ ಕೈ ಒಡ್ಡಿದರೆ ತಾನೇ ನೀರು ಬಿಡುವ ನಲ್ಲಿಯನ್ನು, ವಿದೇಶದ ವಸ್ತುಪ್ರದರ್ಶನವೊಂದರಲ್ಲಿ ತೋರಿಸಬೇಕಾಗಿತ್ತು. ಕಂಪನಿಯ ಒಡತಿಯಾದ ಮೇಡಂ ತಮಗೊಂದು, ಸಾಹೇಬರಿಗೊಂದು ಬಿಸಿನೆಸ್ ಕ್ಲಾಸಿನ ಟಿಕೆಟ್ ತೆಗೆಸಿದ್ದರು. ಶಾಲೆಗೆ ರಜ ಇದ್ದುದರಿಂದ ಟೀಚರಮ್ಮನೂ ಹೊರಟರು. ಅವರದು ವಿಮಾನದ ಹಿಂಭಾಗದ ಸಾಧಾರಣ ಸೀಟು. ಆದರೇನಂತೆ? ಬಿಸಿನೆಸ್ ಟಿಕೆಟ್ಟಿನವರು ಲೌಂಜಿಗೆ ಜೊತೆಯಲ್ಲೊಬ್ಬರನ್ನು ಕರೆದೊಯ್ಯಬಹುದು ಎಂದು ಟಿಕೆಟ್ಟಿನ ಮೇಲೇ ಬರೆದಿತ್ತು. ಅದನ್ನು ಸಾಹೇಬರು ಓದಿದರು, ಓದಿಸಿದರು, ಪಕ್ಕದ ಮನೆಯವರಿಗೂ ಓದಿ ಹೇಳಿದರು.

ಇಷ್ಟೆಲ್ಲ ಸಂಭ್ರಮಕ್ಕೆ ಒಳಗೊಳಗೇ ಇನ್ನೊಂದು ಕಾರಣವಿತ್ತು. ಕಂಪನಿಯ ರಫ್ತು ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಸಾಹೇಬರು ಕಣ್ಣಿಟ್ಟು ಬಹಳ ಕಾಲವಾಗಿತ್ತು. ಈ ಪ್ರಯಾಣದಲ್ಲಿ ಮೇಡಂ ಅದರ ಮಾತೆತ್ತುತ್ತಾರೆ ಎಂದು ಕಚೇರಿಯ ಗೋಡೆಗಳೂ ಪಿಸುಗುಟ್ಟುತ್ತಿದ್ದವು. ಮೇಡಂ ದೊಡ್ಡ ಮಾತನ್ನು ಕಚೇರಿಯಲ್ಲಿ ಕೂತು ಆಡುವವರಲ್ಲ. ಲಿಫ್ಟಿನಲ್ಲಿ ಕೇಳುತ್ತಾರೆ, ಕಾರಿನ ಬಾಗಿಲು ತೆಗೆಯುತ್ತ ಕೇಳುತ್ತಾರೆ. ಒಂದೇ ಸಲ ಕೇಳುತ್ತಾರೆ. ತಕ್ಷಣ ಉತ್ತರ ಹೇಳಿದವನು ಗೆದ್ದ. ತಡವರಿಸಿದವನು ಕೆಟ್ಟ.

"ಕೇಳಿದ ತಕ್ಷಣ 'ಬೇಕು ಮೇಡಂ' ಅಂತೀನಿ. ಉಸಿರು ಎಳೆದುಕೊಳ್ಳೋದಕ್ಕೂ ನಿಲ್ಲಲ್ಲ" ಎಂದು ಸಾಹೇಬರು ಟ್ಯಾಕ್ಸಿಯಲ್ಲಿ ಹೆಂಡತಿಯ ಮುಂದೆ ಹತ್ತಾರು ಸಲ ಅಭ್ಯಾಸ ಮಾಡಿದರು. "ಬೇಕು ಮೇಡಂ! ಬೇಕು ಮೇಡಂ!"

"ಏನು ಬೇಕು ಸಾರ್? ಎ.ಸಿ. ಜಾಸ್ತಿ ಮಾಡ್ಲಾ?" ಎಂದು ಟ್ಯಾಕ್ಸಿಯವನು ಕೇಳಿದ.

ಲೌಂಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಸಾಹೇಬರು ಮಹಾರಾಜರು ಅರಮನೆಯನ್ನು ಪ್ರವೇಶಿಸುವಂತೆ ಎದೆ ಮುಂದೆ ಮಾಡಿ ಒಳಹೊಕ್ಕರು. ಎಂಥ ಲೋಕ! ಹೊರಗೆ ನೂಕುನುಗ್ಗಲು, ಅಳುವ ಕೂಸುಗಳು, ಗಡಗಡ ಸದ್ದಿನ ಗಾಡಿಗಳು. ಒಳಗೆ ಹೆಜ್ಜೆಯ ಸದ್ದನ್ನು ನುಂಗುವ ಜಮಖಾನ, ಹದವಾದ ಬೆಳಕು, ಕೂತರೆ ಮೊಣಕಾಲು ಕಿವಿಗೆ ತಾಗುವಷ್ಟು ಮೆತ್ತನೆಯ ಸೋಫಾಗಳು. ಒಂದು ಗೋಡೆಯುದ್ದಕ್ಕೂ ತಿಂಡಿಯ ಮೇಜು, ಇನ್ನೊಂದು ಗೋಡೆಯುದ್ದಕ್ಕೂ ಗಾಜು. ಗಾಜಿನಾಚೆ ಸಾಲಾಗಿ ನಿಂತ ವಿಮಾನಗಳು. ಅಲ್ಲಲ್ಲಿ ಪತ್ರಿಕೆಗಳ ಮರೆಯಲ್ಲಿ ದೊಡ್ಡ ಮನುಷ್ಯರು. ಯಾರೂ ಮಾತಾಡುತ್ತಿರಲಿಲ್ಲ. ಚಮಚಗಳೂ ಬಟ್ಟಲಿಗೆ ತಾಗದಂತೆ ತಿರುಗುತ್ತಿದ್ದವು.

ಆ ಪವಿತ್ರ ಮೌನವನ್ನು ಸೀಳಿಕೊಂಡು ತಿಂಡಿಯ ಮೇಜಿನ ಕಡೆಯಿಂದ ಒಂದು ಕಂಠ ಬಂತು.

"ರೀ! ಬನ್ನೀ ಇಲ್ಲಿ! ಸೂಪಿದೆ! ಬಿಸೀ ಇದೆ!"

ಪತ್ರಿಕೆಗಳೆಲ್ಲ ಒಮ್ಮೆಲೇ ಕೆಳಗಿಳಿದವು. ಒಬ್ಬರ ಕೈಯ ಬಿಸ್ಕತ್ತು ಕಾಫಿಯೊಳಗೆ ಮುಳುಗಿತು. ಸಾಹೇಬರು ತುದಿಗಾಲಲ್ಲಿ ಓಡಿದರು.

"ಶ್ಶ್! ಮೆತ್ತಗೆ! ಇದೇನು ಆಟದ ಮೈದಾನವೇನೇ? ಇಲ್ಲಿ ಯಾರೂ ಯಾರನ್ನೂ ಕೂಗಲ್ಲ. ಇಲ್ಲಿನ ಜನ ಸತ್ತರೂ ಸದ್ದು ಮಾಡದೆ ಸಾಯ್ತಾರೆ!"

"ಹಾಗಾದ್ರೆ ಸತ್ತಿದ್ದಾರೆ ಅಂತ ಗೊತ್ತಾಗೋದು ಹೇಗೆ?"

"ಅದೆಲ್ಲ ನಿನಗ್ಯಾಕೆ? ಏನಾದ್ರೂ ಬೇಕಿದ್ರೆ ಕಣ್ಣಲ್ಲೇ ಹೇಳಬೇಕು. ಅದೇ ಇಲ್ಲಿನ ಸಂಸ್ಕಾರ."

"ಆಯ್ತಪ್ಪಾ. ನಾನು ಕಿಟಕಿ ಹತ್ರ ಕೂತು ಸೂಪು ಕುಡೀತೀನಿ. ನೀವು ನಿಮ್ಮ ಸಂಸ್ಕಾರ ಮಾಡ್ಕೊಳ್ಳಿ" ಎಂದು ಟೀಚರಮ್ಮ ಬಟ್ಟಲು ಹಿಡಿದು ಹೊರಟೇಹೋದರು.

ಸಾಹೇಬರು ಮೊದಲು ಹೋದದ್ದು ಕೈ ತೊಳೆಯುವಲ್ಲಿಗೆ. ಹೊಟ್ಟೆಪಾಡಿನ ಚಾಳಿ, ಬಿಡುವುದುಂಟೇ? ಹೋಗಿ ನೋಡಿದರೆ ಎದುರಾಳಿ ಕಂಪನಿಯ ನಲ್ಲಿ! ಕೈ ಒಡ್ಡಿದರು. ನೀರು ಬಂತು. ಕೈ ತೆಗೆದರು. ನಿಂತಿತು. ಮೊಣಕೈ ಒಡ್ಡಿದರು, ಮೂಗು ಒಡ್ಡಿದರು, ಸರಕ್ಕನೆ ಕೈ ಚಾಚಿ ಸರಕ್ಕನೆ ಎಳೆದುಕೊಂಡು ಮೋಸ ಮಾಡಲು ನೋಡಿದರು. ನಲ್ಲಿ ಒಮ್ಮೆಯೂ ಮೋಸ ಹೋಗಲಿಲ್ಲ. ತಮ್ಮ ಕಂಪನಿಯ ನಲ್ಲಿ ಮೂರು ಸಲಕ್ಕೊಮ್ಮೆ ಕೈಯನ್ನು ಗುರುತಿಸುವುದಿಲ್ಲ ಎಂಬುದು ನೆನಪಾಗಿ ಅವರ ಭುಜಗಳು ಬಿಗಿದುಕೊಂಡವು. ಈ ಬಿಗಿ ಇಳಿಯಬೇಕು. ಮೇಡಂ ಬರುವಷ್ಟರಲ್ಲಿ ಹಗುರಾಗಬೇಕು!

ಆಗ ಕಂಡಿತು ಆ ಕುರ್ಚಿ.

ಲೌಂಜಿನ ಒಂದು ಮೂಲೆಯಲ್ಲಿ ಗಾಜಿನ ತಡಿಕೆಯ ಹಿಂದೆ "ಮೌನ ಕೊಠಡಿ" ಇತ್ತು. ಅಲ್ಲಿ ಇಬ್ಬರು ಹಿರಿಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒರಗು ಮಂಚದ ಮೇಲೆ ಗಾಢ ನಿದ್ದೆಯಲ್ಲಿದ್ದರು. ಅವರ ಪಕ್ಕದಲ್ಲಿ, ಊಟ ಮುಗಿಸಿ ಮಲಗಿದ ಘೇಂಡಾಮೃಗದಂತೆ, ಕಪ್ಪನೆಯ ಮಸಾಜ್ ಕುರ್ಚಿ. ಕಾಲಿಡಲು ಎರಡು ಗುಂಡಿ, ಕೈಯಿಡಲು ಎರಡು ತೊಟ್ಟಿಲು, ತಲೆಗೆ ಎರಡು ಕಿವಿ.

ಕೊರಳಿಗೆ ಬೋ ಕಟ್ಟಿಕೊಂಡಿದ್ದ ಲೌಂಜಿನ ಮೇಲ್ವಿಚಾರಕರು ನಗುತ್ತ ಬಂದು, "ಸರ್, ಈ ಕುರ್ಚಿಯ ರಿಮೋಟು ಸ್ವಲ್ಪ ಸೂಕ್ಷ್ಮ. ಹೇಗೆ ನಡೆಸೋದು ಅಂತ ಹೇಳ್ಕೊಡ್ಲಾ?" ಎಂದು ಪಿಸುನುಡಿದರು.

"ನನಗಾ?" ಸಾಹೇಬರ ಹುಬ್ಬು ಮೇಲೇರಿತು. "ನೋಡಿ ಇವರೇ, ಕೈ ಕಂಡ್ರೆ ನೀರು ಬಿಡೋ ಯಂತ್ರ ಮಾರೋನು ನಾನು. ಒಂದು ಕುರ್ಚಿ ನನಗೆ ಯಾವ ಲೆಕ್ಕ?"

"ಸರಿ ಸರ್" ಎಂದು ಮೇಲ್ವಿಚಾರಕರು ಬೋ ಸರಿಪಡಿಸಿಕೊಂಡು ಹೋದರು.

ಸಾಹೇಬರು ಕೂತರು. ರಿಮೋಟಿನ ತುಂಬ ಪುಟ್ಟ ಪುಟ್ಟ ಮನುಷ್ಯರ ಚಿತ್ರಗಳು. ಒಬ್ಬ ಬಾಗಿದ್ದ, ಒಬ್ಬ ಚಾಚಿದ್ದ, ಒಬ್ಬನ ಬೆನ್ನಿಗೆ ಬಾಣಗಳು ಬಡಿಯುತ್ತಿದ್ದವು. ಕಣ್ಮುಚ್ಚಿ ನಗುತ್ತಿದ್ದವನೊಬ್ಬನನ್ನು ಆರಿಸಿ ಅವನ ಹೊಟ್ಟೆಯ ಮೇಲೆ ಒತ್ತಿದರು.

ಕುರ್ಚಿ ಗುರುಗುಟ್ಟಿತು. ಬೆನ್ನು ಹಿಂದಕ್ಕೆ ಬಾಗಿತು, ಕಾಲು ಮೇಲೆದ್ದವು. ಎರಡೂ ಕಾಲನ್ನು ಗಾಳಿ ತುಂಬಿದ ಚೀಲಗಳು ಮೃದುವಾಗಿ ತಬ್ಬಿಕೊಂಡವು. ಎರಡೂ ಕೈಗಳನ್ನೂ ತಬ್ಬಿಕೊಂಡವು. ಬೆನ್ನ ಮೇಲೆ ಹತ್ತಾರು ಬೆರಳುಗಳು ಹಿಟ್ಟು ನಾದುವಂತೆ ನಾದತೊಡಗಿದವು.

"ಆಹಾ!" ಎಂದರು ಸಾಹೇಬರು. ಬದುಕಿದರೆ ಹೀಗೆ ಬದುಕಬೇಕು!

ಆ "ಆಹಾ"ದಲ್ಲಿ ಬೆರಳುಗಳು ಸಡಿಲಾದವು. ರಿಮೋಟು ಕೈಜಾರಿ, ಕೋಟಿನ ಅಂಚಿನಲ್ಲಿ ಉರುಳಿ, ಸೀದಾ ತೊಡೆಯ ಕೆಳಗೆ ಸೇರಿಕೊಂಡಿತು.

ತೆಗೆಯೋಣವೆಂದು ಕೈ ಎಳೆದರು. ಬರಲಿಲ್ಲ. ಇನ್ನೊಂದು ಕೈ ಎಳೆದರು. ಅದೂ ಬರಲಿಲ್ಲ. ಕಾಲು ಎಳೆದರು. ಕುರ್ಚಿ ಇನ್ನಷ್ಟು ಪ್ರೀತಿಯಿಂದ ಅಪ್ಪಿಕೊಂಡಿತು. ತೊಡೆ ಎತ್ತಿ ಮಿಸುಕಾಡಿದರು. ಕೆಳಗೆಲ್ಲೋ "ಟಿಕ್" ಎಂದಿತು. ಬೆನ್ನಿಗೆ ಬಾಣ ಬಡಿಯುತ್ತಿದ್ದ ಚಿತ್ರದ ಅರ್ಥ ಸಾಹೇಬರಿಗೆ ಆಗ ಚೆನ್ನಾಗಿ ತಿಳಿಯಿತು. ದಬ್, ದಬ್, ದಬ್, ದಬ್! ಒಳಗೆ ಯಾರೋ ಇಬ್ಬರು ಪೈಲ್ವಾನರು ಕೂತು ಹಳೆಯ ಸಿಟ್ಟು ತೀರಿಸಿಕೊಳ್ಳುತ್ತಿದ್ದಂತಿತ್ತು.

ಕೂಗಬಹುದಿತ್ತು. ಆದರೆ ಗೋಡೆಯ ಮೇಲೆ ತುಟಿಗೆ ಬೆರಳಿಟ್ಟ ಚಿತ್ರವಿತ್ತು. ಪಕ್ಕದಲ್ಲಿ ಮಲಗಿದ್ದವರು ದೊಡ್ಡ ಮನುಷ್ಯರು. ಈಗ ತಾನೇ ಹೆಂಡತಿಗೆ ಸಂಸ್ಕಾರದ ಪಾಠ ಹೇಳಿ ಬಂದಿದ್ದಾಗಿತ್ತು. "ಕುರ್ಚಿಯಿಂದ ಬಿಡಿಸಿ" ಎಂದು ಅರಚಿಕೊಳ್ಳುವುದು ಹೇಗೆ? ಇದೇನು ಮಹಾ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ ಎಂದು ಹಲ್ಲು ಕಚ್ಚಿದರು. ಕಚ್ಚಿದ ಹಲ್ಲುಗಳೂ ಕಟಕಟ ಎಂದವು.

ಅಷ್ಟರಲ್ಲಿ ಮೇಲ್ವಿಚಾರಕರು ಆ ಕಡೆ ಹಾದುಹೋದರು. ಸಾಹೇಬರಿಗೆ ಜೀವ ಬಂದಂತಾಯಿತು.

"ಬಿ... ಬಿ... ಬಿ..." ಎಂದರು. ಬಿಡಿಸಿ ಎನ್ನುವುದಿತ್ತು. ಒಂದೊಂದು ಅಕ್ಷರಕ್ಕೂ ಬೆನ್ನಿಗೆ ಒಂದೊಂದು ಗುದ್ದು ಬಿದ್ದು ನಡುವಿನ ಅಕ್ಷರ ಎಲ್ಲೋ ಉದುರಿಹೋಯಿತು. "ಬಿ... ಬಿ... ಸಿ!"

"ಬಿಸಿನಾ ಸರ್? ಈಗ್ಲೇ ತಂದೆ!"

ಕಣ್ಮುಚ್ಚಿ ಬಿಡುವಷ್ಟರಲ್ಲಿ ಬೆಚ್ಚಗೆ ಕಾಯಿಸಿಟ್ಟ ದಪ್ಪನೆಯ ಹೊದಿಕೆಯೊಂದನ್ನು ತಂದು ಸಾಹೇಬರ ಗದ್ದದವರೆಗೆ ಹೊದಿಸಿ, ನಾಲ್ಕೂ ಕಡೆ ಸಿಗಿಸಿ, ದೀಪವನ್ನೂ ತಗ್ಗಿಸಿ, "ಹಾಯಾಗಿರಿ ಸರ್" ಎಂದು ಹೋಗಿಬಿಟ್ಟರು. ಈಗ ಸಾಹೇಬರದು ಹೊರಗೆ ಕಾಣುತ್ತಿದ್ದುದು ತಲೆಯೊಂದೇ. ಅದೂ ಬೆವರುತ್ತಿತ್ತು.

ಮುಂದೆ ಬಂದವರು ಟೀಚರಮ್ಮ. ಗಂಡ ಎಲ್ಲಿ ಹೋದರೆಂದು ನೋಡಲು ಗಾಜಿನ ಬಾಗಿಲನ್ನು ಸದ್ದಾಗದಂತೆ ಸರಿಸಿದರು. ಕಣ್ಣಲ್ಲೇ ಹೇಳಬೇಕು ಎಂದು ತಾವೇ ಕಲಿಸಿದ್ದಲ್ಲವೇ? ಸಾಹೇಬರು ಕಣ್ಣಲ್ಲೇ ಹೇಳಿದರು. ಎಡಗಣ್ಣು ಮಿಟುಕಿಸಿದರು, ಬಲಗಣ್ಣು ಮಿಟುಕಿಸಿದರು, ಹುಬ್ಬು ಹಾರಿಸಿದರು. ಬಾ, ಹತ್ತಿರ ಬಾ, ಬೇಗ ಬಾ!

ಟೀಚರಮ್ಮ ಸುತ್ತ ನೋಡಿದರು. ಕೆನ್ನೆ ಕೆಂಪಾಯಿತು.

"ಥೂ, ಏನ್ರೀ ಇದು!" ಎಂದು ಪಿಸುಗುಟ್ಟಿದರು. "ಈ ವಯಸ್ಸಲ್ಲಿ ಕಣ್ಣು ಹೊಡೀತೀರಲ್ಲ! ಪಕ್ಕದಲ್ಲಿ ಜನ ಇದ್ದಾರೆ!"

ಸಾಹೇಬರು ಇನ್ನೂ ಜೋರಾಗಿ ಮಿಟುಕಿಸಿದರು.

"ಮನೇಲಿ ಒಂದು ದಿನ ಇಲ್ಲ. ಕುರ್ಚಿ ಮೆತ್ತಗಿದ್ರೆ ಸಾಕು, ಎಲ್ಲಾ ನೆನಪಾಗುತ್ತೆ!" ಎಂದು ಟೀಚರಮ್ಮ ಮುಸಿಮುಸಿ ನಗುತ್ತ, ಮುಂಗುರುಳು ತಿದ್ದಿಕೊಳ್ಳುತ್ತ, ಬಾಗಿಲು ಸರಿಸಿ ಹೋದರು. ಹೋದವರು ಕಿಟಕಿಯ ಬಳಿ ಕೂತು ಇನ್ನೊಂದು ಬಟ್ಟಲು ಸೂಪು ಕುಡಿದರು.

ಸಾಹೇಬರು ಹತಾಶರಾಗಿ ಕಣ್ಣು ಮುಚ್ಚಿದರು. ತೆರೆದಾಗ ಎದುರಿಗೆ ಮೇಡಂ ನಿಂತಿದ್ದರು!

ಒಡತಿ ಎದುರು ನಿಂತಿದ್ದಾರೆ, ತಾವು ಕಾಲು ಮೇಲೆ ಮಾಡಿ ಮಲಗಿದ್ದೇವೆ. ಸಾಹೇಬರು ದಡಬಡಿಸಿ ಏಳಲು ಹೋದರು. ಎದ್ದದ್ದು ಹುಬ್ಬುಗಳು ಮಾತ್ರ.

"ಏಳಬೇಡಿ, ಏಳಬೇಡಿ" ಎಂದರು ಮೇಡಂ, ಪಕ್ಕದ ಸ್ಟೂಲೆಳೆದು ಕೂರುತ್ತ. "ಆರಾಮಾಗಿ ಕೂತಿದ್ದೀರಿ, ಹಾಗೇ ಇರಿ. ನಾನೂ ನಿಮ್ಮನ್ನೇ ಹುಡುಕ್ತಿದ್ದೆ. ಒಂದು ಮಾತು ಕೇಳಬೇಕಿತ್ತು. ಒಂದೇ ಸಲ ಕೇಳ್ತೀನಿ, ನನ್ನ ಸ್ವಭಾವ ಗೊತ್ತಲ್ಲ."

ಬಂತು! ಬಂದೇ ಬಂತು! ಇಷ್ಟು ಕಾಲ ಕಾದ ಗಳಿಗೆ ಬಂದೇ ಬಂತು! ಸಾಹೇಬರು ಶ್ವಾಸಕೋಶದ ತುಂಬ ಗಾಳಿ ತುಂಬಿಕೊಂಡರು.

"ರಫ್ತು ವಿಭಾಗ. ನಿಮಗೆ ಬೇಕಾ, ಬೇಡ್ವಾ?"

"ಬೇ..." ಎಂದರು ಸಾಹೇಬರು. ದಬ್! "ಬೇ... ಬೇ..." ದಬ್, ದಬ್! "ಬೇ... ಬೇ... ಬೇ..."

ಬೇಕು, ಬೇಡ ಎರಡೂ ಒಂದೇ ಅಕ್ಷರದಿಂದ ಶುರುವಾಗುವ ಭಾಷೆಯಲ್ಲಿ ಹುಟ್ಟಿದ್ದಕ್ಕೆ ಸಾಹೇಬರು ಜೀವನದಲ್ಲಿ ಮೊದಲ ಬಾರಿಗೆ ಮರುಗಿದರು. ಒಂದೇ ಒಂದು "ಕು" ಸಾಕಿತ್ತು. ಅದು ಗಂಟಲವರೆಗೆ ಬಂದು ಬಂದು ಗುದ್ದು ತಿಂದು ಹೊಟ್ಟೆಗಿಳಿಯುತ್ತಿತ್ತು. ಹೇಗಾದರೂ ಹೊರಹಾಕಲೇಬೇಕೆಂದು ಮೈಯೆಲ್ಲ ಬಿಗಿ ಹಿಡಿದು ಮಿಸುಕಿದರು. ತೊಡೆಯ ಕೆಳಗೆ "ಟಿಕ್" ಎಂದಿತು.

ತಲೆಯ ಎರಡು ಪಕ್ಕದ ಕಿವಿಗಳು ಹತ್ತಿರ ಬಂದು ಸಾಹೇಬರ ತಲೆಯನ್ನು ಬಲವಾಗಿ ಹಿಡಿದವು. ಎಡಕ್ಕೆ ತಿರುಗಿಸಿದವು. ಬಲಕ್ಕೆ ತಿರುಗಿಸಿದವು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ.

"ಬೇಡ್ವಾ?" ಮೇಡಂ ಬೆರಗಾದರು.

"ಬೇ... ಬೇ..." ಎಡಕ್ಕೆ, ಬಲಕ್ಕೆ.

"ಸಾಕು ಸಾಕು, ಅರ್ಥ ಆಯ್ತು. ಇಷ್ಟು ಖಂಡಿತವಾಗಿ ಬೇಡ ಅನ್ನೋರನ್ನ ನಾನು ನೋಡೇ ಇಲ್ಲ." ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನಿಜ ಹೇಳ್ಬೇಕಂದ್ರೆ ನನಗೂ ನೆಮ್ಮದಿ ಆಯ್ತು. ನಮ್ಮ ಹೊಸ ನಲ್ಲಿಯ ವಿನ್ಯಾಸ ಮಾಡಿದ ಎಂಜಿನಿಯರ್ ಹುಡುಗಿ ಇದ್ದಾಳಲ್ಲ, ಅವಳಿಗೆ ಕೊಡೋಣ ಅಂತಿತ್ತು. ನಿಮಗೆ ಬೇಜಾರಾಗುತ್ತೇನೋ ಅಂತ ಹಿಂಜರೀತಿದ್ದೆ. ಅವಳಿಗೇ ಕೊಡ್ಲಾ?"

ಯಾರಿಗೆ? ಎಂಜಿನಿಯರಿಗೆ! ತಮ್ಮ ಕುರ್ಚಿಯನ್ನು! ಸಾಹೇಬರು ಸರ್ವಶಕ್ತಿಯನ್ನೂ ಒಟ್ಟುಗೂಡಿಸಿ ಒದ್ದಾಡಿದರು. ಟಿಕ್! ತಲೆಯ ಹಿಂದಿನ ದಿಂಬು ಕುತ್ತಿಗೆಯನ್ನು ಮುಂದಕ್ಕೆ ತಳ್ಳಿತು, ಹಿಂದಕ್ಕೆ ಬಿಟ್ಟಿತು. ತಳ್ಳಿತು, ಬಿಟ್ಟಿತು. ನೋಡುವವರ ಕಣ್ಣಿಗೆ ಸಾಹೇಬರು ಗದ್ದವನ್ನು ಎದೆಗೆ ಮುಟ್ಟಿಸಿ ಹೂಂ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು.

"ಎಂಥ ದೊಡ್ಡ ಮನಸ್ಸು ನಿಮ್ಮದು!" ಮೇಡಂ ದನಿ ಮೆತ್ತಗಾಯಿತು. "ಹಾಗಾದ್ರೆ ಇನ್ನೊಂದು ಮಾತೂ ಕೇಳಿಬಿಡ್ತೀನಿ. ದೂರು ವಿಭಾಗಕ್ಕೆ ಒಬ್ಬರು ಮುಖ್ಯಸ್ಥರು ಬೇಕು."

ದೂರು ವಿಭಾಗವೆಂದರೆ ಕಟ್ಟಡದ ನೆಲಮಾಳಿಗೆಯಲ್ಲಿ, ಪೈಪುಗಳ ಗೋದಾಮಿನ ಪಕ್ಕದಲ್ಲಿದ್ದ ಕಿಟಕಿಯಿಲ್ಲದ ಕೋಣೆ. ಸೋರುವ ನಲ್ಲಿ, ಸಿಡಿಯುವ ನಲ್ಲಿ, ನಿಲ್ಲದ ನಲ್ಲಿ, ಬಾರದ ನಲ್ಲಿ, ಲೋಕದ ಸಕಲ ನಲ್ಲಿಗಳ ಮಾಲೀಕರು ಅಲ್ಲಿಗೆ ಫೋನು ಮಾಡಿ ಬೈಯುತ್ತಿದ್ದರು. ಅಲ್ಲಿ ಮುಖ್ಯಸ್ಥರಾಗಿದ್ದವರು ಕೆಲಸ ಬಿಟ್ಟು ಹೋದ ಮೇಲೂ ಮನೆಯಲ್ಲಿ ಫೋನು ರಿಂಗಾದರೆ ಮಂಚದ ಕೆಳಗೆ ನುಸುಳುತ್ತಾರೆ ಎಂಬ ಸುದ್ದಿಯಿತ್ತು.

"ಯಾರನ್ನ ಕೇಳಿದ್ರೂ ಒಂದೊಂದು ನೆಪ ಹೇಳ್ತಾರೆ. ನೀವು ಒಪ್ತೀರಾ?"

ಕುತ್ತಿಗೆ ಮುಂದಕ್ಕೆ, ಹಿಂದಕ್ಕೆ. ಮುಂದಕ್ಕೆ, ಹಿಂದಕ್ಕೆ.

"ನಿಜವಾಗ್ಲೂ?"

ಮುಂದಕ್ಕೆ, ಹಿಂದಕ್ಕೆ. ಸಾಹೇಬರ ಕಣ್ಣಿನ ನಲ್ಲಿಗಳೆರಡೂ ಕಟ್ಟೊಡೆದು ಸೋರತೊಡಗಿದವು.

ಮೇಡಂ ಅದನ್ನು ಕಂಡು ಎದ್ದು ನಿಂತರು. "ಅಳಬೇಡಿ. ಕಂಪನಿ ಮೇಲೆ ಇಷ್ಟು ಅಭಿಮಾನ ಇರೋರು ಇದ್ದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದು ತಮ್ಮ ಕರವಸ್ತ್ರದಿಂದಲೇ ಅವರ ಕಣ್ಣೊರೆಸಿ, "ವಿಮಾನಕ್ಕೆ ಕರೀತಿದ್ದಾರೆ, ಬೇಗ ಬನ್ನಿ" ಎಂದು ಹೇಳಿ ಸರಸರನೆ ನಡೆದುಬಿಟ್ಟರು.

ಹೌದು, ಕರೆಯುತ್ತಿದ್ದರು. ಛಾವಣಿಯಿಂದ ಮಧುರವಾದ ದನಿಯೊಂದು ಅವರ ವಿಮಾನಕ್ಕೆ ಇದು ಕೊನೆಯ ಕರೆ ಎಂದು ಸಾರುತ್ತಿತ್ತು. ಸಾಹೇಬರಿಗೆ ಇನ್ನು ಮಾನದ ಚಿಂತೆ ಉಳಿಯಲಿಲ್ಲ. ಬಾಯಿ ತೆರೆದು ಹೆಂಡತಿಯನ್ನು ಕೂಗಿದರು. ಹೊರಬಿದ್ದದ್ದು ಮೇಕೆಯ ಕೂಗು.

"ಬ್ಯಾ... ಬ್ಯಾ... ಬಾ... ಬಾ!"

ಮಲಗಿದ್ದ ಹಿರಿಯರಿಬ್ಬರೂ ಕಣ್ಣಿನ ಪಟ್ಟಿ ಕಿತ್ತು ಎದ್ದು ಕೂತರು. ಅದೇ ಹೊತ್ತಿಗೆ ಟೀಚರಮ್ಮ ಕೈಚೀಲ ಹೆಗಲಿಗೇರಿಸಿ ಬಂದರು.

"ಏಳ್ರೀ, ಹೊತ್ತಾಯ್ತು! ಇನ್ನೂ ಕಣ್ಣು ಹೊಡೀತಾ ಕೂರ್ತೀರಾ?" ಎನ್ನುತ್ತ ಹೊದಿಕೆ ಎಳೆದರು. ಎಳೆದವರು ಹೌಹಾರಿದರು. ಕುರ್ಚಿ ಗಂಡನನ್ನು ಮೊಣಕೈವರೆಗೆ, ಮೊಣಕಾಲವರೆಗೆ ನುಂಗಿ ಕೂತಿತ್ತು!

"ರಿ... ಮೋ... ತೊಡೆ... ಕೆಳ..." ಎಂದರು ಸಾಹೇಬರು.

ಟೀಚರಮ್ಮ ಕೈಚೀಲ ಕೆಳಗಿಟ್ಟರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದರು. ಆಮೇಲೆ ಲೌಂಜಿನ ಸಮಸ್ತ ಸಂಸ್ಕಾರವೂ ನಡುಗುವಂತೆ ಗುಡುಗಿದರು.

"ಎಲ್ಲಾ ಬನ್ನಿ ಇಲ್ಲಿ! ಬೇಗ! ಸಾಲಾಗಿ!"

ಪತ್ರಿಕೆಗಳು ನೆಲಕ್ಕೆ ಬಿದ್ದವು. ದೊಡ್ಡ ಮನುಷ್ಯರೆಲ್ಲ ಓಡಿ ಬಂದು ಸಾಲಾಗಿ ನಿಂತರು. ಯಾಕೆ ಬಂದೆವೆಂದು ಅವರಿಗೇ ಗೊತ್ತಿರಲಿಲ್ಲ. ಎಂದೋ ಶಾಲೆಯಲ್ಲಿ ಕೇಳಿದ್ದ ದನಿ, ಕಾಲುಗಳೇ ಕರೆತಂದಿದ್ದವು.

"ನೀವಿಬ್ಬರು ಬಲಗಡೆ! ನೀವಿಬ್ಬರು ಎಡಗಡೆ! ಕಂಕುಳಿಗೆ ಕೈ ಹಾಕಿ! ನಾನು ಹೇಳಿದಾಗ ಮೇಲಕ್ಕೆತ್ತಬೇಕು. ಟೈ ಹಿಡಿಯಬೇಡ್ರೀ, ಸತ್ತುಹೋಗ್ತಾರೆ! ಒಂದು... ಎರಡು... ಎತ್ತಿ!"

ಹಿರಿಯರು ಹೂಂಕರಿಸಿ ಎತ್ತಿದರು. ಕುರ್ಚಿ ಗುರುಗುಟ್ಟಿ ಕೆಳಗೆಳೆಯಿತು. ಸಾಹೇಬರು ನಡುವೆ ಹಗ್ಗವಾದರು. "ಇನ್ನೊಂದ್ಸಲ! ಸೊಂಟ ಬಗ್ಗಿಸ್ಬೇಡಿ! ಉಸಿರು ಬಿಡ್ತಾ... ಎತ್ತಿ!" ಎಂದಾಗ ಸಾಹೇಬರ ತೊಡೆ ಒಂದು ಗೇಣು ಮೇಲೆದ್ದಿತು. ಓಡಿಬಂದಿದ್ದ ಮೇಲ್ವಿಚಾರಕರು ಮಿಂಚಿನಂತೆ ಕೈ ತೂರಿಸಿ ರಿಮೋಟು ಎಳೆದು ಒಂದೇ ಒಂದು ಗುಂಡಿ ಒತ್ತಿದರು.

"ಉಸ್ಸ್" ಎಂದು ಕುರ್ಚಿ ಉಸಿರು ಬಿಟ್ಟಿತು. ಕೈ ಬಿಟ್ಟಿತು, ಕಾಲು ಬಿಟ್ಟಿತು. ಸುತ್ತ ನಿಂತ ಹಿರಿಯರು ಪಂದ್ಯ ಗೆದ್ದವರಂತೆ ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬರು ಟೀಚರಮ್ಮನ ಬಳಿ ಬಂದು, "ನನ್ನ ಸೊಂಟ ಹಿಡ್ಕೊಂಡಿತ್ತಮ್ಮಾ. ಈಗ ಬಿಟ್ಟಿತು!" ಎಂದು ಕೈಮುಗಿದರು.

ಗೇಟಿನತ್ತ ಓಡುವಾಗ ಸಾಹೇಬರ ಕಾಲುಗಳು ಆಗ ತಾನೇ ಹುಟ್ಟಿದ ಕರುವಿನಂತೆ ನಾಲ್ಕೂ ದಿಕ್ಕಿಗೆ ಹೋಗುತ್ತಿದ್ದವು. ಟೀಚರಮ್ಮ ಅವರ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಸಾಹೇಬರು ಎಲ್ಲವನ್ನೂ ತೊದಲುತ್ತ ಹೇಳಿದರು. ಮೇಡಂ ಕೇಳಿದ್ದು, ತಲೆ ಅಡ್ಡಡ್ಡ ಆಡಿದ್ದು, ಉದ್ದುದ್ದ ಆಡಿದ್ದು.

"ಅಯ್ಯೋ, ಅದಕ್ಕೇನ್ರೀ? ಒಳಗೆ ಹೋದ ತಕ್ಷಣ ನಿಜ ಹೇಳಿಬಿಡಿ."

"ಹೇಗೆ ಹೇಳಲೇ? ಕುರ್ಚಿಲಿ ಸಿಕ್ಕಿಹಾಕ್ಕೊಂಡಿದ್ದೆ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆನ ಆ ಹಿರಿಯರೆಲ್ಲ ಸೇರಿ ಕಂಕುಳಲ್ಲಿ ಎತ್ತಿದ್ದಾಯ್ತಲ್ಲ. ಇನ್ನೇನು ಉಳಿದಿದೆ ಕಾಪಾಡೋಕೆ? ನೆಲಮಾಳಿಗೇಲಿ ಕೂತು ದಿನಾ ಬೈಸ್ಕೊಳ್ಳೋದಕ್ಕಿಂತ ಒಂದು ಸಲ ನಗಿಸೋದು ವಾಸಿ. ಹೇಳಿ!"

ಕೊನೆಯ ಪ್ರಯಾಣಿಕರಾಗಿ ಒಳಹೊಕ್ಕರು. ಟೀಚರಮ್ಮ ಹಿಂದಕ್ಕೆ ಹೋದರು. ಸಾಹೇಬರು ಮೇಡಂ ಪಕ್ಕದ ಸೀಟಿನಲ್ಲಿ, ಅದರ ಕೈಗಳನ್ನೂ ಕಿವಿಗಳನ್ನೂ ಸಂಶಯದಿಂದ ಪರೀಕ್ಷಿಸಿ, ತುದಿಯಲ್ಲಿ ಕೂತರು. ವಿಮಾನ ಏರಿತು. ಮೋಡಗಳು ಕೆಳಗಾದವು. ಹೇಳಲೇ, ಬಿಡಲೇ ಎಂದು ಜೀವ ಹೊಯ್ದಾಡಿತು. ಹಿಂದಿನಿಂದ ಪರದೆಯ ಸಂದಿಯಲ್ಲಿ ಟೀಚರಮ್ಮನ ಮುಖ ಒಂದು ಕ್ಷಣ ಇಣುಕಿ, "ಹೂಂ!" ಎಂದು ಕಣ್ಣಲ್ಲೇ ಗದರಿಸಿ ಮರೆಯಾಯಿತು.

ಸಾಹೇಬರು ಕೆಮ್ಮಿದರು.

"ಮೇಡಂ, ಒಂದು ವಿಷಯ ಹೇಳಬೇಕಿತ್ತು. ಲೌಂಜಿನಲ್ಲಿ ನೀವು ಕೇಳಿದಾಗ ತಲೆ ಆಡಿಸಿದ್ದು ನಾನಲ್ಲ."

"ಮತ್ತೆ?"

"ಕುರ್ಚಿ, ಮೇಡಂ. ಮಸಾಜ್ ಕುರ್ಚಿ. ನಾನು ಅದರಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಬೇಕು ಅನ್ನೋಕೆ ಹೋದೆ, ಅದು ಬಿಡಲಿಲ್ಲ. ಅಡ್ಡಡ್ಡ ಆಡಿಸಿದ್ದೂ ಅದೇ, ಹೂಂ ಅಂತ ಆಡಿಸಿದ್ದೂ ಅದೇ. ನಾನು ಒಪ್ಪೇ ಇಲ್ಲ ಮೇಡಂ!"

ಮೇಡಂ ಅವರನ್ನೇ ನೋಡಿದರು. ಆಮೇಲೆ ಕನ್ನಡಕ ಮೂಗಿನ ತುದಿಗೆ ಜಾರುವಂತೆ ನಕ್ಕರು, ನಗುವನ್ನು ತಡೆದರು, ಮತ್ತೆ ನಕ್ಕರು.

"ಅಲ್ಲಾ ರೀ, ಇಷ್ಟು ವರ್ಷದಿಂದ ಪ್ರತಿ ಮೀಟಿಂಗಿನಲ್ಲೂ ನಾನು ಏನು ಹೇಳಿದ್ರೂ ನೀವು ಹೀಗೇ ತಲೆ ಆಡಿಸ್ತಾ ಬಂದಿದ್ದೀರಿ. ಹೊಸ ನಲ್ಲಿ ಕೈ ಗುರುತಿಸೋ ಸೆನ್ಸರ್ ಸರಿ ಇದ್ಯಾ ಅಂದಾಗ್ಲೂ ಹೂಂ, ಮಾರಾಟಕ್ಕೆ ಬಿಡೋಣ್ವಾ ಅಂದಾಗ್ಲೂ ಹೂಂ. ಆಗೆಲ್ಲ ಯಾವ ಕುರ್ಚಿ ಆಡಿಸ್ತಿತ್ತು?"

ಸಾಹೇಬರು ತಮ್ಮ ಸೀಟಿನ ಕಿವಿಗಳನ್ನು ಮುಟ್ಟಿ ನೋಡಿಕೊಂಡರು. ಯಾರೂ ಹಿಡಿದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಆದರೂ ಅವರ ತಲೆ ತನ್ನ ಪಾಡಿಗೆ ತಾನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು.